ತಮ್ಮನ ತಲೆಗೆ ಅಯಸ್ಕಾಂತ

ನನ್ನ ತಮ್ಮನನ್ನು ಮೂಡುಬಿದಿರೆಯ ಆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದದ್ದು ಪ್ರೀತಿಯಿಂದಲ್ಲ. ಅಮ್ಮ ಊಟ ಬಿಟ್ಟು ಕೂತಿದ್ದಳು, ಅದಕ್ಕೆ. ಎರಡು ದಿನ ಬರೀ ನೀರು ಕುಡಿದುಕೊಂಡು, "ಅವನನ್ನು ಇನ್ನೊಂದು ಸಲ ತೋರಿಸು, ಆಮೇಲೆ ನಾನು ಕೇಳುವುದಿಲ್ಲ" ಎಂದು ಒಂದೇ ಹಟ. ಎಪ್ಪತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ ಬೇರೆ. ಮೂರನೆಯ ದಿನ ನಾನು ಸೋತೆ. ಸೋತದ್ದಕ್ಕೆ ಅವಳ ಮೇಲೂ ಸಿಟ್ಟಿತ್ತು. ಅವನ ಮೇಲಂತೂ ಇದ್ದೇ ಇತ್ತು.

ನಾನು ನರಿಕೊಂಬಿನ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುವುದು, ಜನ ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ ನೋಡುವುದು, ಒಂದು ಚೂರು ಹಾಲನ್ನು ಫ್ಯಾಟ್ ಅಳೆಯುವ ಮೆಷಿನ್ನಿಗೆ ಕೊಟ್ಟು ಅಂಕಿ ಬರೆದು ಚೀಟಿ ಹರಿದು ಕೊಡುವುದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಹಾಲಿಗೆ ನೀರು ಬೆರೆಸಿದವರು ನನ್ನ ಮುಖ ನೋಡಿ ಮಾತಾಡುವುದಿಲ್ಲ, ಕ್ಯಾನಿನ ಮುಚ್ಚಳ ನೋಡಿ ಮಾತಾಡುತ್ತಾರೆ. ಗಂಡ ಮಸ್ಕತ್ತಿನಲ್ಲಿ, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ಮನೆಯಲ್ಲಿ ನಾನು ಮತ್ತು ಅಮ್ಮ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ದೋಹಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಏಳು ವರ್ಷ ದುಡಿದ. ಒಂದರ ಮೇಲೊಂದು ಶಿಫ್ಟು. ಅಲ್ಲಿ ಯಾರೋ ಜೊತೆಯವನು ನಿದ್ದೆ ಬಾರದಿರಲಿ ಎಂದು ಹರಳಿನಂಥದ್ದನ್ನು ಕೊಟ್ಟನಂತೆ. ಅಲ್ಲಿನವರು ಅದಕ್ಕೆ ಶಾಬು ಅನ್ನುತ್ತಾರೆ. ಊರಿಗೆ ಬಂದು ಪುಂಜಾಲಕಟ್ಟೆಯಲ್ಲಿ ಸ್ವಂತ ಹೋಟೆಲು ಹಾಕಿದಾಗ ಇಲ್ಲಿಯೂ ಅದು ಸಿಕ್ಕಿತು. ಪೇಪರಿನವರು ಇಂಥದ್ದನ್ನೆಲ್ಲ ಎಂಡಿಎಂಎ ಎಂದು ಬರೆಯುತ್ತಾರೆ. ಇವನದು ಅದಲ್ಲ, ಮೆತ್ ಎಂದು ಆಮೇಲೆ ಡಾಕ್ಟರು ತಿದ್ದಿದರು. ನಮಗೆ ಏನೆಂದರೂ ಒಂದೇ.

ಶುರುವಿನಲ್ಲಿ ಎಲ್ಲರೂ ಹೊಗಳಿದ್ದರು. ಎಂಥ ಚುರುಕು, ಒಬ್ಬನೇ ನಾಲ್ಕು ಜನರ ಕೆಲಸ ಮಾಡುತ್ತಾನೆ, ಅವನ ನೀರುದೋಸೆ ಕೋಳಿಸಾರಿಗೆ ಬೆಳ್ತಂಗಡಿಯಿಂದ ಜನ ಬರುತ್ತಾರೆ ಎಂದು. ತೊಳೆದ ಪಾತ್ರೆಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದುದನ್ನೂ ಶುಚಿತ್ವ ಅಂದುಕೊಂಡೆವು. ಆಮೇಲೆ ಅವನ ಅಂಗಿ ಹೆಗಲಿನಿಂದ ಜಾರತೊಡಗಿತು. ಹಲ್ಲು ಕಪ್ಪಾಯಿತು. ಗಿರಾಕಿಗಳು ತನ್ನನ್ನೇ ನೋಡಿ ನಗುತ್ತಾರೆ ಎಂದು ಜಗಳ ತೆಗೆದ. ಹೋಟೆಲು ಮುಚ್ಚಿತು. ಅದರ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರತೊಡಗಿದ.

ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಮೂರು ದಿನ ನಿದ್ದೆಯಿಲ್ಲದ ಕಣ್ಣಿನಲ್ಲಿ ಬೈಕು ಹತ್ತಿ ನಮ್ಮ ಮನೆಗೆ ಬಂದ. ನಾನು ಸೊಸೈಟಿಯಲ್ಲಿದ್ದೆ. ನಾನು ಮನೆಯ ಸ್ವಿಚ್ ಬೋರ್ಡುಗಳೊಳಗೆ ಮೈಕ್ ಇಟ್ಟಿದ್ದೇನೆ, ಅವನ ಮಾತನ್ನೆಲ್ಲ ಪೊಲೀಸರಿಗೆ ಕೇಳಿಸುತ್ತಿದ್ದೇನೆ ಎಂದು ಅವನ ತಲೆಯೊಳಗೆ ಹೊಕ್ಕಿತ್ತು. ಒಂದೊಂದೇ ಬೋರ್ಡನ್ನು ಕಿತ್ತ. ಅಡ್ಡ ಬಂದ ಅಮ್ಮನನ್ನು ಉಗ್ರಾಣಕ್ಕೆ ದೂಡಿ ಚಿಲಕ ಹಾಕಿದ. ನಾನು ಬಂದಾಗ ಗೋಡೆಯಿಂದ ವಯರುಗಳು ನೇತಾಡುತ್ತಿದ್ದವು. ಉಗ್ರಾಣದ ಬಾಗಿಲನ್ನು ಒಳಗಿನಿಂದ ಕೈಯಲ್ಲಿ ಬಡಿಯುವ ಸದ್ದು ಬರುತ್ತಿತ್ತು, ಅದೂ ಬಲವಿಲ್ಲದ ಸದ್ದು. ನಾನು ಹೋಗಿ ಚಿಲಕಕ್ಕೆ ಕೈ ಹಾಕಿದೆ. "ಮುಟ್ಟಬೇಡ" ಎಂದ. ಮುಟ್ಟಿದೆ. ನನ್ನನ್ನು ತಿರುಗಿಸಿ ಎಡಗೆನ್ನೆಗೆ, ಕಿವಿಗೆ ಸೇರಿಸಿ ಹೊಡೆದ. ಒಂದೇ ಏಟು. ಕಿವಿಯ ತಮಟೆ ಹರಿಯಿತು. ಆ ಕಿವಿಯಲ್ಲಿ ಈಗಲೂ ಅರ್ಧ ಮಾತ್ರ ಕೇಳುತ್ತದೆ.

ಬಂಟ್ವಾಳದ ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಇಷ್ಟು: "ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ಹೇಳು ಮಗಾ. ಇಲ್ಲದಿದ್ರೆ ಕೇಸಾಗ್ತದೆ."

ನಾನು ಹಾಗೆಯೇ ಹೇಳಿದೆ. ಡಾಕ್ಟರಿಗೆ ಹೇಳಿದೆ, ಗಂಡನಿಗೆ ಫೋನಿನಲ್ಲಿ ಹೇಳಿದೆ, ಹಾಲು ತರುವವರಿಗೆಲ್ಲ ಹೇಳಿದೆ. ಹೇಳಿ ಹೇಳಿ ನಮ್ಮ ಬಚ್ಚಲಿನ ಯಾವ ಮೂಲೆಯಲ್ಲಿ ಜಾರಿದೆ ಎಂಬುದೂ ನನಗೆ ಬಾಯಿಪಾಠ ಆಗಿತ್ತು.

ಆಮೇಲೆ ಅವನನ್ನು ಎರಡು ಸಲ ವ್ಯಸನ ಬಿಡಿಸುವ ಕೇಂದ್ರಕ್ಕೆ ಸೇರಿಸಿದೆವು. ಎರಡು ಸಲವೂ ಮೈ ತುಂಬಿಕೊಂಡು ಬಂದ, ಎರಡು ಸಲವೂ ಮತ್ತೆ ಶುರು ಮಾಡಿದ. ಅದರ ನಂತರ ಯಾರೋ ಅಮ್ಮನಿಗೆ ಮೂಡುಬಿದಿರೆಯಲ್ಲಿ ತಲೆಗೆ ಅಯಸ್ಕಾಂತ ಇಡುವ ಡಾಕ್ಟರು ಇದ್ದಾರೆ ಎಂದು ಹೇಳಿದ್ದು. ಅವಳು ಊಟ ಬಿಟ್ಟದ್ದು ಅದಕ್ಕೆ.

"ನಾಳೆ ನಿನ್ನ ಮಗಳ ಮದುವೆಗೆ ಸೋದರಮಾವ ಬೇಡವಾ?" ಎಂದೂ ಕೇಳಿದಳು. ನಮ್ಮಲ್ಲಿ ಸೋದರಮಾವನ ಜಾಗ ದೊಡ್ಡದು. "ಬೇಡ" ಎಂದೆ. "ಮಂಟಪದ ಸ್ವಿಚ್ ಬೋರ್ಡ್ ಕಿತ್ತಾನು."

ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದವರು, ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನನಗೆ ನೋಡಿದ ಕೂಡಲೇ ಹಿಡಿಸಲಿಲ್ಲ. ತಮ್ಮನನ್ನು "ನೀವು" ಎಂದರು, ಕುರ್ಚಿ ತೋರಿಸಿದರು, ಕುಡಿಯಲು ನೀರು ಬೇಕೇ ಎಂದು ಕೇಳಿದರು. ಅವನನ್ನು ಹಾಗೆ ವಿಚಾರಿಸಿ ಎಷ್ಟು ಕಾಲವಾಗಿತ್ತೋ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

"ಕುಡಿತಕ್ಕೆ ಮಾತ್ರೆಗಳಿವೆ" ಎಂದರು ಡಾಕ್ಟರು. "ಇದಕ್ಕೆ ಇದೇ ಮದ್ದು ಅಂತ ಗಟ್ಟಿಯಾಗಿ ಹೇಳೋ ಹಾಗೆ ಇನ್ನೂ ಯಾವುದೂ ಇಲ್ಲ. ಈ ಮೆಷಿನ್ ನಾವು ತಂದಿರೋದು ಖಿನ್ನತೆಗೆ. ಇಂಥ ಚಟಕ್ಕೂ ಅಲ್ಲಲ್ಲಿ ಪ್ರಯತ್ನ ನಡೀತಿದೆ. ಕೆಲವರಿಗೆ ಆಸೆ ತಗ್ಗುತ್ತೆ. ಎಲ್ಲರಿಗೂ ಅಲ್ಲ. ನಾನು ಖಾತ್ರಿ ಕೊಡಲ್ಲ."

"ಖಾತ್ರಿ ಇಲ್ಲದ್ದನ್ನು ಯಾಕೆ ಮಾಡುವುದು?" ಎಂದೆ.

"ಖಾತ್ರಿ ಇರೋದು ಯಾವುದೂ ನನ್ನ ಹತ್ರ ಇಲ್ಲ, ಅದಕ್ಕೆ. ಕೌನ್ಸೆಲಿಂಗ್ ಜೊತೆಗೆ ಇದನ್ನೂ ಸೇರಿಸಿ ನೋಡೋಣ. ವಾರಕ್ಕೆ ಐದು ದಿನ, ನಾಲ್ಕು ವಾರ. ಬಲವಂತ ಇಲ್ಲ."

ಒಂದು ಕಾಗದದ ಮೇಲೆ ತಲೆಯ ಚಿತ್ರ ಬರೆದರು. ಹಣೆಯ ಹಿಂದೆ ಪೆನ್ನಿನಿಂದ ಒಂದು ವೃತ್ತ ಎಳೆದು, ಬೇಡ, ನಿಲ್ಲಿಸು ಎಂದು ಹೇಳುವ ಭಾಗ ಇದು ಎಂದರು. ಈ ಹರಳು ವರ್ಷಗಟ್ಟಲೆ ಹೋದರೆ ಆ ಭಾಗ ಸೊರಗುತ್ತದಂತೆ. ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಟ್ಟು ಅದನ್ನು ಎಬ್ಬಿಸಲು ನೋಡುವುದಂತೆ. "ಬೇಡ ಅಂತ ಗೊತ್ತಿದ್ರೂ ಇವರಿಗೆ ನಿಲ್ಲಿಸೋಕೆ ಆಗಲ್ಲ. ಬ್ರೇಕ್ ಹಿಡೀತಿಲ್ಲ ಅಂದ್ಕೊಳ್ಳಿ."

ತಮ್ಮ ಆ ಚಿತ್ರವನ್ನು ತನ್ನ ಪರ ವಕೀಲ ಸಿಕ್ಕಿದವನ ಹಾಗೆ ನೋಡುತ್ತಿದ್ದ. ಬ್ರೇಕ್ ಹಿಡಿಯದ ಗಾಡಿಯ ಮೇಲೆ ಯಾರು ಸಿಟ್ಟು ಮಾಡುತ್ತಾರೆ? ಹಾಗಾದರೆ ಉಗ್ರಾಣದ ಚಿಲಕ ಹಾಕಿದ್ದು ಯಾರು? ನನ್ನ ಕಿವಿಗೆ ಹೊಡೆದದ್ದು ಯಾರು? ಎರಡು ವರ್ಷ ನಾನು ಕಾಪಾಡಿಕೊಂಡು ಬಂದ ಸಿಟ್ಟನ್ನು ಈ ಹೆಂಗಸು ಒಂದು ಪೆನ್ನಿನಿಂದ ಸುತ್ತು ಹಾಕಿ ಕಾಯಿಲೆ ಎಂದು ಬರೆದುಬಿಟ್ಟಳು ಅನ್ನಿಸಿತು. ಅದನ್ನು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಮನೆಯಲ್ಲಿ ನಮ್ಮ ಜಗಳವೆಲ್ಲ ತುಳುವಿನಲ್ಲಿ. ಡಾಕ್ಟರ ಎದುರು ಕನ್ನಡದಲ್ಲಿ ಸಿಟ್ಟು ಮಾಡಲು ಹೋದರೆ ಅದು ಶಾಲೆಯ ಭಾಷಣದ ಹಾಗೆ ಕೇಳುತ್ತದೆ. ಸುಮ್ಮನೆ ಒಪ್ಪಿಗೆಯ ಫಾರಮಿಗೆ ಸಹಿ ಹಾಕಿದೆ. ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆಯುವಾಗ ಪೆನ್ನು ಕಾಗದ ಹರಿಯಿತು.

ಮೊದಲ ದಿನ ಮೆಷಿನ್ ನಡೆಸುವ ಹುಡುಗಿ ಅವನನ್ನು ಹಲ್ಲಿನ ಡಾಕ್ಟರಲ್ಲಿ ಇರುವಂಥ ಕುರ್ಚಿಯಲ್ಲಿ ಒರಗಿಸಿದಳು. ಕೊರಳ ಚೈನು, ಉಂಗುರ ತೆಗೆಸಿದಳು. ಇಬ್ಬರಿಗೂ ಕಿವಿಗೆ ಇಡಲು ಸ್ಪಂಜಿನ ತುಂಡು ಕೊಟ್ಟಳು. ನಾನು ಬಲಗಿವಿಗೆ ಮಾತ್ರ ಇಟ್ಟುಕೊಂಡೆ. "ಇನ್ನೊಂದಕ್ಕೂ ಇಡಿ ಆಂಟಿ" ಎಂದಳು. "ಅದಕ್ಕೆ ಬೇಡ" ಎಂದೆ. ತಮ್ಮ ಗೋಡೆ ನೋಡಿದ.

ಎಂಟರ ಅಂಕಿಯ ಆಕಾರದ ಒಂದು ಸಾಧನ, ಹಿಡಿಕೆಯಿರುವ ದೊಡ್ಡ ಚಮಚದಷ್ಟು. ಅದನ್ನು ಅವನ ತಲೆಯ ಎಡಭಾಗಕ್ಕೆ ತಾಗಿಸಿ ಒಂದೊಂದೇ ಸಲ ಟಕ್ ಎನ್ನಿಸುತ್ತಾ ಅವಳು ಸ್ವಲ್ಪ ಸ್ವಲ್ಪವೇ ಜರುಗಿಸಿದಳು. ಎಷ್ಟು ಶಕ್ತಿ ಬೇಕು ಎಂದು ಮೊದಲು ಅಳೆಯಬೇಕಂತೆ. ಕೈಯನ್ನು ಆಡಿಸುವ ಜಾಗ ಸಿಕ್ಕಿದರೆ ಹೆಬ್ಬೆರಳು ಹಾರುತ್ತದಂತೆ. ಅವನ ಬಲಗೈ ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಟಕ್. ಏನೂ ಇಲ್ಲ. ಟಕ್. ಏನೂ ಇಲ್ಲ. ಟಕ್. ಹೆಬ್ಬೆರಳು ಒಮ್ಮೆ ಚಿಮ್ಮಿತು. ಅವನು ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಇಳಿಸಿ ಅದನ್ನು ನೋಡಿದ. ಟಕ್. ಮತ್ತೆ ಚಿಮ್ಮಿತು.

"ಅಕ್ಕಾ, ನೋಡು. ನಾನು ಮಾಡಿದ್ದಲ್ಲ. ಅದಾಗಿಯೇ ಹಾರ್ತಾ ಉಂಟು" ಎಂದ. ಮುಖದಲ್ಲಿ ಸಣ್ಣ ನಗು.

ಅದು ನನಗೆ ಹೊಡೆದ ಕೈ. ನಾನು ಎದ್ದು ನಿಂತು, ಆ ಹುಡುಗಿ ಇದ್ದಾಳೆ ಎಂಬುದನ್ನೂ ನೋಡದೆ ತುಳುವಿನಲ್ಲಿ ಬೈದೆ. "ನಿನಗೆ ಇಷ್ಟೇ ಬೇಕಾಗಿತ್ತಲ್ವಾ? ನಾನು ಮಾಡಿದ್ದಲ್ಲ ಅಂತ ಹೇಳ್ಲಿಕ್ಕೆ ಒಂದು ಮೆಷಿನ್ ಬೇಕಾಗಿತ್ತು. ಈಗ ಸಿಕ್ಕಿತು. ಕೊಂಡುಹೋಗಿ ಮನೆಯಲ್ಲಿ ಇಟ್ಟುಕೋ." ಹುಡುಗಿಗೆ ತುಳು ಬರುತ್ತಿತ್ತು, ಅವಳ ಕೈ ನಿಂತಿತು. ಅವನ ನಗು ಹೋಯಿತು. ಅವನು ಬೆರಳು ಹಾರಿದ್ದಕ್ಕೆ ಮಕ್ಕಳ ಹಾಗೆ ಬೆರಗಾದದ್ದೂ ಇರಬಹುದು. ನನಗೆ ಆ ಯೋಚನೆ ಬಂದದ್ದು ಎಷ್ಟೋ ವಾರದ ಮೇಲೆ.

ಮಾರನೆಯ ದಿನದಿಂದ ನಿತ್ಯದ ಓಡಾಟ. ಬೆಳಗಿನ ಹಾಲು ಮುಗಿಸಿ, ಪುಂಜಾಲಕಟ್ಟೆಯಿಂದ ಬಸ್ಸಿನಲ್ಲಿ ಬಂದು ಬಂಟ್ವಾಳ ಪೇಟೆಯಲ್ಲಿ ನಿಂತಿರುತ್ತಿದ್ದ ಅವನನ್ನು ಕಾರಿಗೆ ಹತ್ತಿಸಿ, ಸಿದ್ದಕಟ್ಟೆಯ ಮೇಲಾಗಿ ಮೂಡುಬಿದಿರೆಗೆ. ಅವನು ಕೂರುವುದು ಎಡಗಡೆಯ ಸೀಟು. ಅವನ ಕಡೆಗೆ ಇರುವುದು ನನ್ನ ಕೆಟ್ಟ ಕಿವಿ. ಅವನು ಗೊಣಗಿದ್ದು ನನಗೆ ಕೇಳುತ್ತಿರಲಿಲ್ಲ, ಅದೊಂದೇ ಅನುಕೂಲ. ಕೇಳುವಷ್ಟು ಗಟ್ಟಿಯಾಗಿ ಮಾತಾಡಿದರೆ ಅದು ಜಗಳವೇ ಆಗಿರುತ್ತಿತ್ತು.

ಕ್ಲಿನಿಕ್ಕಿನಲ್ಲಿ ಮೆಷಿನ್ ಹಾಕುವ ಮೊದಲು ಅವನಿಗೆ ಕೆಲವು ಚಿತ್ರ ತೋರಿಸುತ್ತಿದ್ದರು. ಬೆಳ್ಳಿಯ ಕಾಗದ, ಲೈಟರು, ಗಾಜಿನ ಕೊಳವೆ, ಹರಳು. ಆಸೆ ಏಳಬೇಕು, ಎದ್ದ ಹೊತ್ತಿನಲ್ಲೇ ಮಿಡಿತ ಕೊಡಬೇಕು ಎಂದು ಡಾಕ್ಟರ ವಿವರಣೆ. ಮೊದಲ ದಿನ ಅವನ ಹಣೆಯಲ್ಲಿ ಬೆವರು ಕಂಡಿತು, ನಾಲಗೆ ತುಟಿ ಸವರಿತು. ನನಗೆ ಅಸಹ್ಯವಾಯಿತು. ಆಮೇಲೆ ಆಸೆ ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ಮೊದಲ ದಿನ ಒಂಬತ್ತು ಎಂದ. ಮೆಷಿನ್ನು ಟಕಟಕಟಕ ಎಂದು ಮರಕುಟಿಗನ ಹಾಗೆ ಕುಟ್ಟುವುದು, ನಿಲ್ಲುವುದು, ಮತ್ತೆ ಕುಟ್ಟುವುದು. ಅರ್ಧ ಗಂಟೆ. ಹಣೆ ಸ್ವಲ್ಪ ಜುಮ್ಮೆನ್ನುತ್ತದೆ, ತಲೆ ಭಾರ, ಅಷ್ಟೇ ಎನ್ನುತ್ತಿದ್ದ. ಐದನೆಯ ದಿನ ಅಂಕಿ ಏಳಕ್ಕೆ ಇಳಿಯಿತು, ಎಂಟನೆಯ ದಿನ ನಾಲ್ಕಕ್ಕೆ. ಅಮ್ಮ ದೇವರ ಮುಂದೆ ತುಪ್ಪದ ದೀಪ ಇಟ್ಟಳು.

ನಾನು ನಂಬಲಿಲ್ಲ. ಅವನು ಅಂಕಿ ಹೇಳುವಾಗ ಡಾಕ್ಟರ ಮುಖ ನೋಡುತ್ತಿರಲಿಲ್ಲ, ಅವರ ಮೇಜಿನ ಮೇಲಿನ ಪೆನ್ನು ನೋಡುತ್ತಿದ್ದ.

"ಅವನು ಬಾಯಲ್ಲಿ ಹೇಳಿದ ಅಂಕಿಯನ್ನು ನೀವು ಬರೆದುಕೊಳ್ಳುವುದಾ?" ಎಂದು ಡಾಕ್ಟರನ್ನು ಕೇಳಿದೆ. "ನಮ್ಮ ಸೊಸೈಟಿಯಲ್ಲಿ ಹಾಲಿಗೆ ನೀರು ಹಾಕಿದವನನ್ನೇ ಎಷ್ಟು ಹಾಕಿದ್ದಿ ಅಂತ ಕೇಳುವುದಿಲ್ಲ."

ಡಾಕ್ಟರಿಗೆ ಕೋಪ ಬರಲಿಲ್ಲ. ಅದೂ ನನಗೆ ಕೋಪ ತರಿಸಿತು. "ನಾಳೆ ಯೂರಿನ್ ಟೆಸ್ಟ್ ಇದೆ" ಎಂದರು.

ಒಂಬತ್ತನೆಯ ದಿನದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಎರಡು ದಿನದ ಹಿಂದೆ, ಚಾ ಕುಡಿದು ಬರುತ್ತೇನೆ ಎಂದು ಸಿದ್ದಕಟ್ಟೆಯಲ್ಲಿ ಕಾರು ನಿಲ್ಲಿಸಿಕೊಂಡಿದ್ದ. ನಾನೇ ನಿಲ್ಲಿಸಿದ್ದೆ. ನಾನು ಕಾರಿನಲ್ಲಿ ಕೂತು ಅಮ್ಮನ ಮಾತ್ರೆಯ ಪಟ್ಟಿ ಬರೆಯುತ್ತಿದ್ದಾಗ, ಅಂಗಡಿಯ ಹಿಂದೆ ಯಾರನ್ನೋ ಕಂಡು ತೆಗೆದುಕೊಂಡಿದ್ದ. ಡಾಕ್ಟರು ಅವನನ್ನು ಗದರಿಸಲಿಲ್ಲ. "ಜಾರಿದ್ರಿ. ನಾಳೆ ಬನ್ನಿ, ಮುಂದುವರಿಸೋಣ" ಎಂದರು. ಜಾರಿದ್ರಿ. ಆ ಪದ ನಾನು ಎರಡು ವರ್ಷದಿಂದ ನನ್ನ ಮೇಲೆ ಹಾಕಿಕೊಂಡು ಬಂದದ್ದು.

ವಾಪಸು ಬರುವಾಗ ಸಿದ್ದಕಟ್ಟೆ ದಾಟಿದ ಮೇಲೆ ಕಾರು ಬದಿಗೆ ಹಾಕಿದೆ.

"ಇಳಿ."

"ಅಕ್ಕ, ಒಂದು ಸಲ..."

"ಇಳಿ ಅಂದೆ. ನನ್ನ ಕಾರಿನಲ್ಲೇ ಕೂತು ನನ್ನ ಕಣ್ಣೆದುರೇ ತಂದದ್ದಲ್ವಾ ನೀನು? ಇಲ್ಲಿಯೇ ಸಾಯಿ. ಅಮ್ಮನಿಗೆ ನಾನು ಹೇಳ್ತೇನೆ."

"ನಿನಗೆ ನಾನು ಸರಿಯಾಗುವುದು ಬೇಡ" ಎಂದ ಅವನು, ಈ ಸಲ ಗಟ್ಟಿಯಾಗಿ, ಕೆಟ್ಟ ಕಿವಿಗೂ ಕೇಳುವ ಹಾಗೆ. "ಸರಿಯಾದರೆ ನಿನಗೆ ಬಯ್ಯಲಿಕ್ಕೆ ಜನ ಇಲ್ಲ."

ಅವನನ್ನು ರಸ್ತೆಯಲ್ಲಿ ಬಿಟ್ಟು ಬಂದೆ. ಕನ್ನಡಿಯಲ್ಲಿ ಕೂಡ ನೋಡಲಿಲ್ಲ. ಆದರೆ ಅವನು ಹೇಳಿದ್ದು ಮನೆಯವರೆಗೂ ಬಂತು. ಅದು ಸುಳ್ಳು ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಒಂದು ಸಲ ಹೇಳಿದರೆ ಸಾಕಾಗುವಂಥದ್ದನ್ನು ಹತ್ತು ಸಲ ಹೇಳಬೇಕಾಗುವುದಿಲ್ಲ.

ಮಾರನೆಯ ದಿನ ನಾನು ಹೊರಡಲಿಲ್ಲ. ಅಮ್ಮನಿಗೆ ಎಲ್ಲ ಮುಗಿಯಿತು ಎಂದೆ. ಹನ್ನೊಂದೂವರೆಗೆ ಕ್ಲಿನಿಕ್ಕಿನ ಹುಡುಗಿ ಫೋನು ಮಾಡಿದಳು. "ಆಂಟಿ, ಅವರ ಇವತ್ತಿನದು ಮುಗಿಯಿತು. ನೀವು ಹೊರಗೆ ಕಾಯ್ತಾ ಇದ್ದೀರಾ?" ಅವನು ಎರಡು ಬಸ್ಸು ಬದಲಿಸಿ ಒಬ್ಬನೇ ಹೋಗಿದ್ದ. ಅಮ್ಮ ಅಳುತ್ತಾ ನಕ್ಕಳು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೋಗದೆ ಇದ್ದಿದ್ದರೆ ನಾನು ಹೇಳಿದ್ದೇ ಸರಿ ಎಂದಾಗುತ್ತಿತ್ತು. ಅವನು ಹೋಗಿ ಅದನ್ನೂ ಕಿತ್ತುಕೊಂಡ.

ಉಳಿದ ದಿನಗಳಲ್ಲಿ ಮತ್ತೆ ಕಾರಿನಲ್ಲಿ ಕರೆದುಕೊಂಡು ಹೋದೆ, ಎಲ್ಲಿಯೂ ನಿಲ್ಲಿಸದೆ. ಆದರೆ ಮೆಷಿನ್ನಿನ ಕೋಣೆಗೆ ಹೋಗಲಿಲ್ಲ, ಹೊರಗೆ ಬೆಂಚಿನಲ್ಲಿ ಕೂತೆ. ಅಲ್ಲಿ ದಿನಾ ಒಬ್ಬರು ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು, ಇರುತ್ತಿದ್ದರು. ಕಕ್ಕಿಂಜೆಯವರು, ಅಲ್ಲಿ ಚಾರ್ಮಾಡಿ ಘಾಟಿಗೆ ಹೋಗುವ ಗಾಡಿಗಳಿಗಾಗಿ ಸಣ್ಣ ಹೋಟೆಲು ನಡೆಸುತ್ತಾರೆ. ಅವರ ಹೆಂಡತಿಗೆ ಹೆರಿಗೆಯ ಮೇಲೆ ಹಿಡಿದ ಖಿನ್ನತೆ ವರ್ಷಗಳಾದರೂ ಬಿಟ್ಟಿರಲಿಲ್ಲ. ಅದೇ ಮೆಷಿನ್ನು ಅವರಿಗೂ. ಒಂದು ದಿನ ಆ ಹೆಂಗಸು ಹೊರಗೆ ಬಂದು ಗಂಡನ ಹತ್ತಿರ, "ಹಸಿವಾಗ್ತದೆ" ಎಂದರು. ಬ್ಯಾರಿಯವರು ನನ್ನ ಕಡೆಗೆ ತಿರುಗಿ, "ಕೇಳಿದ್ರಾ ಅಕ್ಕ? ಇವಳು ಹಸಿವು ಅಂತ ಬಾಯಿಬಿಟ್ಟು ಹೇಳದೆ ಎಷ್ಟು ಕಾಲ ಆಯಿತು ಗೊತ್ತುಂಟಾ" ಎಂದು ಕಣ್ಣೊರಸಿಕೊಂಡರು. ನಾನು "ಒಳ್ಳೆಯದಾಯಿತು" ಎಂದೆ. ಹೊಟ್ಟೆಕಿಚ್ಚು ಪಟ್ಟೆ. ಆ ಹೆಂಗಸು ಯಾರಿಗೂ ಹೊಡೆದಿರಲಿಲ್ಲ. ಅವರ ಮನೆಯಲ್ಲಿ ಕಾಯಿಲೆಯನ್ನು ಕಾಯಿಲೆ ಎಂದು ಕರೆಯುವುದು ಸುಲಭ.

ಹದಿನೈದನೆಯ ದಿನದ ಹೊತ್ತಿಗೆ ತಮ್ಮ ಕಾರಿನಲ್ಲಿ ನಿದ್ದೆ ಮಾಡತೊಡಗಿದ. ಬಾಯಿ ತೆರೆದುಕೊಂಡು, ತಲೆಯನ್ನು ಕಿಟಕಿಗೆ ಬಡಿಸಿಕೊಂಡು. ಮೂತ್ರದ ಪರೀಕ್ಷೆ ಎರಡು ಸಲ ಸರಿ ಬಂತು. ಚಿತ್ರ ತೋರಿಸಿದರೆ ಈಗ ಬೆವರುವುದಿಲ್ಲ ಎಂದು ಹುಡುಗಿ ಹೇಳಿದಳು. ನಾನೇ ಒಂದು ದಿನ ಬಾಗಿಲ ಸಂದಿನಿಂದ ನೋಡಿದೆ. ಹರಳಿನ ಚಿತ್ರವನ್ನು ಅವನು ಬಸ್ಸಿನ ಬೋರ್ಡು ಓದಿದ ಹಾಗೆ ನೋಡುತ್ತಿದ್ದ. ಏನೋ ಆಗಿತ್ತು, ಅದು ನಿಜ. ಮೆಷಿನ್ನಿನಿಂದಲೋ, ಕೌನ್ಸೆಲಿಂಗಿನಿಂದಲೋ, ವಾರಗಟ್ಟಲೆ ದಿನಾ ಒಂದು ಕಡೆ ಹೋಗಿ ಕೂತದ್ದರಿಂದಲೋ ನನಗೆ ಗೊತ್ತಿಲ್ಲ. ಡಾಕ್ಟರನ್ನೇ ಕೇಳಿದೆ. "ನನಗೂ ಪೂರ್ತಿ ಗೊತ್ತಿಲ್ಲ" ಎಂದರು. ಅವರ ಬಾಯಿಂದ ನನಗೆ ಹಿಡಿಸಿದ ಮೊದಲ ಮಾತು ಅದು.

ಆಗಲೇ ಇನ್ನೊಂದನ್ನೂ ಕೇಳಿಬಿಟ್ಟೆ. "ಹಾಗಾದರೆ ಅವನು ಮಾಡಿದ್ದು ಯಾವುದೂ ಅವನ ತಪ್ಪಲ್ಲವಾ?"

"ನಾನು ಹಾಗೆ ಹೇಳಿಲ್ಲ. ಈ ಮೆಷಿನ್ ಇರೋದು ಆಸೆಗೆ. ಅವರು ಮಾಡಿದ್ದಕ್ಕೆ ನನ್ನ ಹತ್ರ ಮೆಷಿನ್ ಇಲ್ಲ. ಅದು ನಿಮ್ಮಿಬ್ಬರದು."

ಇಪ್ಪತ್ತನೆಯ ದಿನ ಅಮ್ಮನೂ ಬಂದಳು, ಹೊಸ ಸೀರೆ ಉಟ್ಟು. ಮುಗಿದ ಮೇಲೆ ಮಗನನ್ನು ನರಿಕೊಂಬಿಗೇ ಕರೆದುಕೊಂಡು ಹೋಗುವುದೆಂದು ಅವಳ ನಿಶ್ಚಯ. ನಾನು ಆಗುವುದಿಲ್ಲ ಎಂದಿದ್ದೆ. ಡಾಕ್ಟರು ಮೂವರನ್ನೂ ಕೂರಿಸಿ, ಮುಂದೆ ಏನೇನು ಎಚ್ಚರ ಎಂದು ಹೇಳುತ್ತಾ, "ಮನೆಯಲ್ಲಿ ಹಿಂದೆ ಯಾರಿಗಾದರೂ ಏಟಾಗಿತ್ತಾ?" ಎಂದು ಕೇಳಿದರು. ಅವರ ಕಣ್ಣು ನನ್ನ ಕಿವಿಯ ಕಡೆಗೆ ಇತ್ತು. ಆ ಕಿವಿಗೆ ಸ್ಪಂಜು ಬೇಡ ಎಂದದ್ದನ್ನು ಮೆಷಿನ್ನಿನ ಹುಡುಗಿ ಹೇಳಿರಬೇಕು.

ಅಮ್ಮ ಥಟ್ಟನೆ, "ಇಲ್ಲ ಡಾಕ್ಟ್ರೇ. ಇವಳು ಬಚ್ಚಲಲ್ಲಿ ಜಾರಿ ಬಿದ್ದದ್ದು" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಎರಡು ವರ್ಷದ ಅಭ್ಯಾಸ.

"ಅಲ್ಲ" ಎಂದ ತಮ್ಮ. ಅವನು ಮಾತಾಡಿದ್ದು ಕನ್ನಡದಲ್ಲಿ, ಶಾಲೆಯಲ್ಲಿ ಎದ್ದು ನಿಂತು ಹೇಳುವವನ ಹಾಗೆ, ಒಂದೊಂದೇ ಶಬ್ದ. "ಅವಳು ಜಾರಿದ್ದಲ್ಲ. ನಾನು ಹೊಡೆದದ್ದು. ಅಮ್ಮನನ್ನು ಉಗ್ರಾಣದಲ್ಲಿ ಹಾಕಿದ್ದೂ ನಾನು. ನನಗೆ ಎಲ್ಲ ನೆನಪುಂಟು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡು ವರ್ಷ ನಾನು ಕಾದದ್ದು ಈ ಮಾತಿಗೆ. ಬಂದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಿದ್ದೇ ಬೇರೆ. ನೆನಪುಂಟು ಎಂದನಲ್ಲ, ಆ ಶಬ್ದ ಕಿವಿಯಲ್ಲಿ ನಿಂತಿತು. ನೆನಪಿಲ್ಲವೇನೋ, ತಲೆ ಕೆಟ್ಟ ಹೊತ್ತಿನಲ್ಲಿ ಆದದ್ದೇನೋ ಎಂದು ಎಲ್ಲೋ ಒಂದು ಮೂಲೆಯಲ್ಲಿ ಅವನಿಗೆ ಒಂದಿಷ್ಟು ರಿಯಾಯಿತಿ ಕೊಟ್ಟಿದ್ದೆ. ಅವನು ಎರಡು ವರ್ಷ ಎಲ್ಲ ನೆನಪಿಟ್ಟುಕೊಂಡೇ ನಾನು ಹೇಳಿದ ಬಚ್ಚಲಿನ ಕತೆಯನ್ನು ಕೇಳುತ್ತಿದ್ದ.

"ನೆನಪಿದ್ದೂ ಸುಮ್ಮನಿದ್ದಿಯಾ?" ಎಂದೆ.

"ಹೌದು."

"ಯಾಕೆ?"

"ನೀವಿಬ್ಬರೂ ಹಾಗೆ ಹೇಳ್ತಿದ್ರಿ. ನನಗೆ ಅದು ಬೇಕಿತ್ತು."

ಕ್ಷಮಿಸು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಮೇಜಿನ ಮೇಲಿದ್ದ ಏನನ್ನಾದರೂ ಎತ್ತಿ ಎಸೆಯುತ್ತಿದ್ದೆನೋ ಏನೋ. ಅಮ್ಮನನ್ನು ಕಾರಿಗೆ ಹತ್ತಿಸಿಕೊಂಡು ಬಂದೆ. ಅವನು ಬಸ್ಸಿನಲ್ಲಿ ಪುಂಜಾಲಕಟ್ಟೆಗೆ ಹೋದ. ದಾರಿಯಲ್ಲಿ ಅಮ್ಮ, "ನಾನು ನಿನಗೆ ಹಾಗೆ ಹೇಳಿಸಬಾರದಿತ್ತು" ಎಂದಳು. ಅಂದು ಸಂಜೆ ಗಂಡನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ. ಅವರು ಊರಿಗೆ ಬರಲು ಟಿಕೆಟ್ ಮಾಡುತ್ತೇನೆ ಎಂದರು. ಈಗ ಬಂದು ಎಂತ ಮಾಡ್ತೀರಿ, ಬೇಡ ಎಂದೆ.

ಒಂದು ತಿಂಗಳ ಮೇಲೆ ಗೊತ್ತಾಯಿತು, ತಮ್ಮ ಕಕ್ಕಿಂಜೆಯ ಆ ಬ್ಯಾರಿಯವರ ಹೋಟೆಲಿನಲ್ಲಿ ಅಡುಗೆಗೆ ಸೇರಿದ್ದಾನೆ ಎಂದು. ಕ್ಲಿನಿಕ್ಕಿನ ಬೆಂಚಿನಲ್ಲಿ ಆದ ಪರಿಚಯ. ಆಗ ನಾನು ಮಾಡಿದ್ದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದದ್ದು ವ್ಯರ್ಥ. ಒಂದು ಭಾನುವಾರ ಕಾರು ತೆಗೆದುಕೊಂಡು ನೇರ ಕಕ್ಕಿಂಜೆಗೆ ಹೋದೆ. ಒಳ್ಳೆಯ ಮನುಷ್ಯನಿಗೆ ಎಚ್ಚರಿಕೆ ಹೇಳಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಕ್ಯಾಶಿನ ಹತ್ತಿರ ನಿಂತು, ತಮ್ಮ ಒಳಗೆ ಇದ್ದಾನೆ ಎಂದು ಗೊತ್ತಿದ್ದೇ, ತಗ್ಗಿಸದ ದನಿಯಲ್ಲಿ ಹೇಳಿದೆ. "ಇವನನ್ನು ಇಟ್ಟುಕೊಳ್ಳಬೇಡಿ. ತಾಯಿಯನ್ನು ಕೂಡಿ ಹಾಕಿದವನು. ಇವತ್ತು ಸರಿ ಇದ್ದಾನೆ, ನಾಳೆ ನಿಮ್ಮ ಹೆಂಡತಿ ಮಕ್ಕಳಿಗೂ ಹೊಡೆದಾನು." ಪರೋಟ ತಿನ್ನುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಅವರು ಎದ್ದು ಬಂದು ನನಗೆ ಕುರ್ಚಿ ಎಳೆದರು. "ಅಕ್ಕ, ಕೂತುಕೊಳ್ಳಿ. ಅವನು ಬಂದ ದಿನವೇ ಎಲ್ಲ ಹೇಳಿದ್ದಾನೆ. ನಿಮ್ಮ ಕಿವಿಯದ್ದೂ. ನನಗೆ ಹೆದರಿಕೆ ಇಲ್ಲ ಅಂತ ಅಲ್ಲ. ಉಂಟು. ನೋಡುವ ಅಂತ ಇಟ್ಟುಕೊಂಡದ್ದು." ಚಾ ತರಿಸಿದರು. ನಾನು ಕುಡಿಯದೆ ಎದ್ದೆ. ಅಡುಗೆಮನೆಯ ಕಿಟಕಿಯಲ್ಲಿ ತಮ್ಮ ನಿಂತಿದ್ದ, ಕೈಯಲ್ಲಿ ಸೌಟು. ನಾಚಿಕೆ ಆದದ್ದು ನನಗೆ, ಅವನಿಗಲ್ಲ. ನಾಚಿಕೆಯಾದ ಕೂಡಲೇ ಮತ್ತೆ ಸಿಟ್ಟು ಬಂತು.

ಮಾರನೆಯ ದಿನ ಫೋನು ಮಾಡಿದ. "ನೀನು ಹೇಳಿದ್ದು ಸುಳ್ಳಲ್ಲ ಅಕ್ಕ. ಆದರೆ ಅಷ್ಟು ದೂರ ಬಂದು ಹೇಳಬಾರದಿತ್ತು."

"ನೀನು ಹೊಡೆಯಬಾರದಿತ್ತು."

"ಹೌದು" ಎಂದ. ಇಟ್ಟುಬಿಟ್ಟ.

ಅದಾಗಿ ಒಂದು ವರ್ಷ ಕಳೆಯಿತು. ನಡುವೆ ಒಂದು ಸಲ ಮತ್ತೆ ತೆಗೆದುಕೊಂಡ. ಈ ಸಲ ಅವನೇ ಬ್ಯಾರಿಯವರಿಗೆ ಹೇಳಿ, ಅವನೇ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗಿ ಇನ್ನೂ ಕೆಲವು ದಿನ ಮೆಷಿನ್ನಿನ ಕೆಳಗೆ ಕೂತು ಬಂದನಂತೆ. ನಾನು ಹೋಗಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ಆಮೇಲೆ ಇಲ್ಲಿಯವರೆಗೆ ಇಲ್ಲ ಎಂದು ಅಮ್ಮ ಹೇಳುತ್ತಾಳೆ. ತಿಂಗಳಿಗೊಮ್ಮೆ ಅಮ್ಮನನ್ನು ನೋಡಲು ಬರುತ್ತಾನೆ. ಜಗಲಿಯವರೆಗೆ ಮಾತ್ರ. ಒಳಗೆ ಬರುವುದು ಬೇಡ ಎಂದು ನಾನು ಹೇಳಿದ್ದೇನೆ, ಅವನು ಅದನ್ನು ಮೀರಿಲ್ಲ. ಅವನು ಬಂದ ಹೊತ್ತಿನಲ್ಲಿ ನಾನು ಸೊಸೈಟಿಯಲ್ಲಿ ಏನಾದರೂ ಕೆಲಸ ಮಾಡಿಕೊಳ್ಳುತ್ತೇನೆ. ಮಗಳಿಗೂ ಈಗ ಎಲ್ಲ ಗೊತ್ತು. ಅವಳು ಮಾವನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ಅದು ಅವಳ ಇಷ್ಟ.

ಕಳೆದ ತಿಂಗಳು ಹಾಲು ತರುವ ಒಬ್ಬಳು ಹೆಂಗಸು, ಎಲ್ಲರೂ ಹೋಗುವವರೆಗೆ ಕ್ಯಾನು ಒರೆಸುತ್ತಾ ನಿಂತಳು. ಅವಳ ಗಂಡನದೂ ಅದೇ ಹರಳಂತೆ. ಅವಳ ಮುಂಗೈಯಲ್ಲಿ ನೀಲಿ ಗುರುತಿತ್ತು.

"ಆ ಮೆಷಿನ್ನಿನಲ್ಲಿ ಸರಿಯಾಗ್ತದಾ ಅಕ್ಕ?" ಎಂದು ಕೇಳಿದಳು.

ಕ್ಲಿನಿಕ್ಕಿನ ದಾರಿಯನ್ನು ಚೀಟಿಯ ಹಿಂದೆ ಬರೆದುಕೊಟ್ಟೆ. "ಆಸೆ ಕಡಿಮೆ ಆದರೂ ಆದೀತು. ಅವರೂ ಖಾತ್ರಿ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಕರ್ಕೊಂಡು ಹೋಗು" ಎಂದೆ. ಆಮೇಲೆ ಅವಳ ಮುಂಗೈ ಹಿಡಿದು, "ಇದು ಹೇಗಾಯಿತು ಅಂತ ಕೇಳಿದರೆ ಆದದ್ದನ್ನೇ ಹೇಳು. ಬಿದ್ದೆ ಅಂತ ಹೇಳಬೇಡ" ಎಂದೆ.

ಅವಳು ಕೈ ಎಳೆದುಕೊಂಡಳು. "ಇದು ಹಟ್ಟಿಯಲ್ಲಿ ದನ ಒದ್ದದ್ದು" ಎಂದು ಕ್ಯಾನಿನ ಮುಚ್ಚಳ ನೋಡುತ್ತಾ ಹೇಳಿದಳು, ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಹೋದಳು.